ಕ್ಯಾಲೆಂಡರಿನ ಮೂವತ್ತೆಂಟು

ಆ ಭಾನುವಾರ ಬೆಳಿಗ್ಗೆ ನನ್ನ ಗಂಡ ಬಿ.ಜಿ. ಕೆರೆ ಊರ ಹೊರಗಿನ ಹುಣಸೆಮರದಿಂದ ಮೊಳಕಾಲ್ಮುರು ಕಡೆ ಐದು ಕಿಲೋಮೀಟರ್ ಓಡಿ, ಅಷ್ಟೇ ದೂರ ಓಡುತ್ತಾ ವಾಪಸು ಬಂದರು. ಅವರು ಖುಷಿಯಿಂದ ಓಡಿದ ಕೊನೆಯ ದಿನ ಅದು.

ಅವರದು ಗಾರೆ ಕೆಲಸ. ವಾರವೆಲ್ಲ ದೊಡ್ಡಉಳ್ಳಾರ್ತಿ ಕಡೆಯ ಹೊಸ ಕಟ್ಟಡಗಳಲ್ಲಿ ಗೋಡೆ ಕಟ್ಟಿ, ಭಾನುವಾರ ಓಡುತ್ತಿದ್ದರು. ನಲವತ್ತು ದಾಟಿದ ಮೇಲೆ ಈ ಹುಚ್ಚು ಹತ್ತಿಸಿದ್ದು ಚಳ್ಳಕೆರೆಯಲ್ಲಿ ಮೆಣಸಿನಕಾಯಿ ಬಜ್ಜಿ ಕಟ್ಟಿಕೊಟ್ಟಿದ್ದ ಹಳೆಯ ಪತ್ರಿಕೆಯ ಹಾಳೆ. ನೂರು ವರ್ಷದ ಹಿಂದೆ ಫಿನ್‌ಲೆಂಡಿನಿಂದ ಅಮೆರಿಕಕ್ಕೆ ಹೋಗಿ ಓಡಿದವರ ವಿಷಯ ಅದರಲ್ಲಿತ್ತು. ಒಬ್ಬ ಅಲ್ಲಿ ಗಾರೆ ಕೆಲಸ ಮಾಡಿಕೊಂಡೇ ದೂರದ ಓಟಗಳಲ್ಲಿ ಗೆದ್ದಿದ್ದನಂತೆ. ಆಮೇಲೆ ಹೋದ ಇನ್ನೊಬ್ಬ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು, ಪಕ್ಕದವರ ಕಡೆ ತಿರುಗದೆ ಅದನ್ನೇ ನೋಡುತ್ತಾ ಓಡುತ್ತಿದ್ದನಂತೆ. ದೊಡ್ಡ ಹಾಲ್‌ಗಳೊಳಗೆ ಹಲಗೆ ಹಾಸಿದ ದಾರಿಯ ಮೇಲೆ ಅವರ ಓಟ.

"ನಮ್ಮಂಗೇ ಗಾರೆಯೋನು ಕಣೆ," ಎಂದು ಆ ಮೊದಲನೆಯವನ ಬಗ್ಗೆ ಎಷ್ಟು ಸಲ ಹೇಳಿದರೋ.

"ಇನ್ನೊಬ್ಬನ ಹಂಗೆ ನಿಮ್ಮತ್ರ ಗಡಿಯಾರ ಎಲ್ಲೈತೆ?" ಎಂದೆ. ಅವರ ಕೈಗಡಿಯಾರ ಸಿಮೆಂಟು ನೀರು ಹೋಗಿ ಯಾವಾಗಲೋ ನಿಂತಿತ್ತು.

"ನೀನಿದೀಯಲ್ಲ."

ಮನೆಗೆ ಇದ್ದದ್ದು ಒಂದೇ ಫೋನು. ಜೇಬಿನಲ್ಲಿ ಕುಣಿಯುತ್ತದೆಂದು ನನ್ನ ಕೈಗೆ ಕೊಡುತ್ತಿದ್ದರು. ಅವರು ಹೊರಟಾಗ ಅದರ ಸ್ಟಾಪ್‌ವಾಚ್ ಒತ್ತಬೇಕು, ಬಂದಾಗ ಒತ್ತಬೇಕು, ಅಷ್ಟೇ ನನ್ನ ಕೆಲಸ. ಎಷ್ಟು ನಿಮಿಷ ಎಂದು ಅವರು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದರು. ನಲವತ್ತೆರಡು, ಮತ್ತೆ ನಲವತ್ತೆರಡು, ಒಂದೇ ಒಂದು ಸಲ ನಲವತ್ತೊಂದು.

ಆ ದಿನ ಅವರು ಹೊರಡುವ ಹೊತ್ತಿಗೇ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋಗುವ ಹೆಂಗಸರು ಬಂದರು.

"ನೋಡ್ರೇ, ಕುರಿ ಕಾಯೋರ ಮನೆಯಿಂದ ಬಂದೋಳು ಗಂಡನ್ನ ಕಾಯ್ತಾ ನಿಂತವಳೆ!"

"ಕುರಿಯಾದ್ರೆ ಹೊಟ್ಟೆ ತುಂಬ ಮೇಯ್ಕಂಡು ಬರ್ತಾವೆ. ಇವಯ್ಯ ಬರಿಗೈಲಿ ಬರ್ತಾನೆ!"

ನನಗೆ ನಾಚಿಕೆಯಾಯಿತು. ಫೋನನ್ನು ಸೆರಗಿನಡಿ ಮುಚ್ಚಿಕೊಂಡು, ಬಸ್ಸಿಗೆ ಕಾಯುವವಳ ಹಾಗೆ ನಿಂತೆ. ಒತ್ತಲಿಲ್ಲ. ಅದು ನೆನಪಾದದ್ದು ಅವರು ವಾಪಸು ಬರುತ್ತಾ ತಿರುವಿನಲ್ಲಿ ಕಾಣಿಸಿದಾಗ.

"ಎಷ್ಟೇ?" ಎಂದರು, ಮಂಡಿ ಮೇಲೆ ಕೈ ಊರಿ.

"ಮೂವತ್ತೆಂಟು."

ಅಷ್ಟೇ ಯಾಕೆ ಹೇಳಿದೆನೋ. ಅವರು ಖುಷಿಪಡಲಿ ಅನ್ನಿಸಿತ್ತೋ, ಬೇಗ ಮನೆ ಸೇರಿದರೆ ಸಾಕು ಅನ್ನಿಸಿತ್ತೋ.

"ಮೂವತ್ತೆಂಟಾ! ನಿಜವೇನೇ?"

ಆವತ್ತು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿಯನ್ನು ತಾವೇ ಹೆಚ್ಚಿಕೊಟ್ಟರು.

ಮುಂದಿನ ಭಾನುವಾರ ಚಳ್ಳಕೆರೆಯಲ್ಲಿ ನಲವತ್ತು ದಾಟಿದವರ ಹತ್ತು ಕಿಲೋಮೀಟರ್ ಓಟ. "ಮುಂದಿನ ಗುಂಪಿನ ಜತೇಲೇ ಹೋಗ್ತೀನಿ, ಅವರೆಲ್ಲ ಮೂವತ್ತೆಂಟು ನಿಮಿಷದೋರು," ಎಂದು ಹೇಳಿ ಹೊರಟರು. ಅರ್ಧ ದಾರಿಗೇ ಉಸಿರು ಕಟ್ಟಿತು. ಹೊಟ್ಟೆ ಹಿಡಿದುಕೊಂಡು ನಡೆದು ಕೊನೆಯವರಾಗಿ ಬಂದರು. ಜತೆಗೆ ಕೆಲಸ ಮಾಡುವವನೊಬ್ಬ ಎಲ್ಲರಿಗೂ ಕೇಳುವಂತೆ ಕೂಗಿದ: "ಲೇ ಮೇಸ್ತ್ರಿ, ಪಾಯ ಜೋರಾಗಿ ಹಾಕ್ದೆ, ತಾರಸಿ ಎಲ್ಲೋ?" ಜನ ನಕ್ಕರು. ನಾನು ಮುಂದೆ ನಿಂತಿದ್ದ ಹೆಂಗಸಿನ ಬೆನ್ನ ಹಿಂದೆ ಸರಿದುಕೊಂಡೆ.

ಬಸ್ಸಿನಲ್ಲಿ ಒಂದೇ ಸಲ ಕೇಳಿದರು.

"ಆವತ್ತು ಸರಿಯಾಗಿ ಒತ್ತಿದ್ದೆ ತಾನೇ?"

"ಹೂಂ ರೀ."

"ಹಂಗಾರೆ ನನ್ನ ಕಾಲೇ ಸೋತವೆ ಬಿಡು."

ಮತ್ತೆ ಓಡಲಿಲ್ಲ. ಭಾನುವಾರವೂ ಕೆಲಸಕ್ಕೆ ಹೋಗತೊಡಗಿದರು. ಹೇಳಿಬಿಡಬೇಕು ಎಂದು ಪ್ರತಿ ವಾರ ಅಂದುಕೊಂಡೆ. ಮರುವರ್ಷ ಜ್ವರ ಬಂದು, ಎಂಟು ದಿನ ಮಲಗಿ, ತೀರಿಕೊಂಡರು. ಆ ಎಂಟು ದಿನವೂ ಪಕ್ಕದಲ್ಲೇ ಇದ್ದೆ. ಗಂಜಿ ಕುಡಿಸಿದೆ, ಬಟ್ಟೆ ಬದಲಿಸಿದೆ, ಆ ಒಂದು ಮಾತು ಮಾತ್ರ ಹೇಳಲಿಲ್ಲ.

ಹಳೆಯ ಕ್ಯಾಲೆಂಡರ್ ಇನ್ನೂ ಗೋಡೆಯ ಮೇಲಿದೆ. ಮೂವತ್ತೆಂಟರ ಸುತ್ತ ಅವರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ಆ ದಿನ ಅವರು ನಿಜವಾಗಿ ಎಷ್ಟು ನಿಮಿಷದಲ್ಲಿ ಓಡಿ ಬಂದರು ಎಂಬುದು ಎಲ್ಲಿಯೂ ಇಲ್ಲ.