ಸಂಗಮ್ಮ ಕೂತ ದಿನ

ನಮ್ಮ ಮೇಲಿನ ಮನೆಯ ಸಂಗಮ್ಮ ಒಂದು ಕಡೆ ನೆಟ್ಟಗೆ ಕೂತದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ. ಕರಿಬೇವು ಕೇಳಲು ಬಂದರೆ ಬಾಗಿಲಿಗೆ ಆತು ನಿಂತೇ ಅರ್ಧ ಗಂಟೆ ಮಾತಾಡುವವಳು. "ಕೂತ್ಕೊಳ್ಳಿ ಮಾರಾಯ್ತಿ, ಕುರ್ಚಿಗೆ ಬಾಡಿಗೆ ಕೇಳುದಿಲ್ಲ" ಎಂದರೆ, "ಕೂಡ್ಲಿಕ್ಕಿ ಯಾಳ್ಯಾ ಎಲ್ಲದ್ರಿ ಅಕ್ಕಾರ" ಎನ್ನುತ್ತಾ ನನ್ನ ಸಿಂಕಿನ ಲೋಟ ತೊಳೆಯಲು ಶುರು ಮಾಡುವಳು. ನನಗೆ ಮೈ ಉರಿಯುತ್ತಿತ್ತು. ನನ್ನ ಲೋಟ ಅಷ್ಟು ಕೊಳಕಾಗಿದೆ ಎಂದು ಹೇಳಿದ ಹಾಗಲ್ಲವೆ ಅದು?

ಅವಳು ಭಾಲ್ಕಿ ಕಡೆಯವಳು, ನಾನು ಕುಂದಾಪುರದ ಮನೋರಮಾ. ಮೊದಲು ಔರಂಗಾಬಾದ್ ಎನ್ನುತ್ತಿದ್ದ ಛತ್ರಪತಿ ಸಂಭಾಜಿನಗರದ ಈ ಕಟ್ಟಡದ ಕೆಳಗೆ ನನ್ನ ಗಂಡ ಜಯರಾಮರ ಹೋಟೆಲು, ಮೇಲೆ ಅವರ ಮನೆ. ಇಬ್ಬರದೂ ಕನ್ನಡವೇ, ಆದರೂ ಮೊದಲ ವರ್ಷ ಹಿಂದಿಯಲ್ಲೇ ಮಾತಾಡಿದೆವು. ಅವಳ ಕನ್ನಡ ನನಗೆ ತಿಳಿಯುತ್ತಿರಲಿಲ್ಲ, ನನ್ನದು ಕೇಳಿದರೆ ಅವಳಿಗೆ ನಗು. ಗಂಡ ಮನ್ಮಥಪ್ಪನವರದು ಬೇಳೆಕಾಳಿನ ವ್ಯಾಪಾರ. ಒಬ್ಬನೇ ಮಗ ಓಂಕಾರ, ಊರಾಚೆಯ ಬಿಡಕಿನ್ನಿನಲ್ಲಿ ಹೊಸ ಕಾರ್ಖಾನೆ ಕಟ್ಟುವ ಕಡೆ ಕೆಲಸ. ಸೊಸೆ ಭುವನೇಶ್ವರಿ ನಾಶಿಕದಲ್ಲಿ ಹುಟ್ಟಿ ಬೆಳೆದ ಹುಡುಗಿ, ಮನೆಮಾತು ಮಾತ್ರ ಅತ್ತೆಯದೇ ಕನ್ನಡ.

ಕೊರೋನಾದ ಎರಡನೇ ಅಲೆ ಏಳುತ್ತಿದ್ದ ಬೇಸಿಗೆಯಲ್ಲಿ ಭುವನೇಶ್ವರಿಗೆ ಎಂಟು ತಿಂಗಳು. ಚೊಚ್ಚಲ ಬಸಿರು, ಹಾಗಾಗಿ ತವರಿಗೆ ಹೋಗಿದ್ದಳು. ಲಿಂಗಾಯತರಾದ ಇವರಲ್ಲಿ ಒಂದು ಪದ್ಧತಿಯಿದೆ. ಎಂಟನೇ ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿಗೂ ಒಂದು ಲಿಂಗ ಕೊಡುತ್ತಾರೆ. ಹೆರುವ ತನಕ ತಾಯಿಯೇ ಅದನ್ನು ತನ್ನ ಲಿಂಗದ ಜೊತೆಗೆ ಕೊರಳಲ್ಲಿ ಹಾಕಿಕೊಳ್ಳಬೇಕು, ಆಮೇಲೆ ಅದು ಕೂಸಿನದು. ತಾಯಿಗೆ ಮುಟ್ಟಿದ್ದು ಕೂಸಿಗೂ ಮುಟ್ಟುತ್ತದೆ ಎಂಬ ನಂಬಿಕೆ. ಆ ವರ್ಷ ಕೊರೋನಾಕ್ಕೆ ಹೆದರಿ ನಾಶಿಕಕ್ಕೆ ಹೋಗಲು ಅವರ ಗುರು ಅಯ್ಯನವರು ಒಪ್ಪಲಿಲ್ಲ. ಇಲ್ಲೇ ಪೂಜೆ ಮಾಡಿ ಲಿಂಗವನ್ನು ಸಂಗಮ್ಮನ ಕೈಗೆ ಕೊಟ್ಟು, ಕುಬುಸದ, ಎಂದರೆ ಸೀಮಂತದ, ದಿನ ನೀನೇ ಕಟ್ಟಿ ಬಾ ಎಂದರು.

ಹೊರಡುವ ದಿನ ಅವಳ ಗಂಟಲು ಕೆರೆಯುತ್ತಿತ್ತು. ನಾನು ಹೋಗಬೇಡಿ ಎಂದೆ.

"ಬಿಸಲಿಂದು ಅಕ್ಕಾರ, ಶುಂಠಿ ಕುಡದೀನಿ. ಉಡಿ ತುಂಬೋ ಅತ್ತಿನೇ ಬರಲಿಲ್ಲಂದ್ರ ಬೀಗರು ಏನಂದಾರು?"

ಹೋದಳು. ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಲಿಂಗ ಕಟ್ಟಿ, ಹೋಳಿಗೆಯ ತುತ್ತು ತನ್ನ ಕೈಯಾರೆ ಸೊಸೆಯ ಬಾಯಿಗಿಟ್ಟು ಮರುದಿನವೇ ಬಂದಳು. ಬಂದವಳಿಗೆ ಕೆಂಡದಂಥ ಜ್ವರ. ಗಂಡನ ಹತ್ತಿರ ತನಗೆ ಬಿಸಿಲು ಬಡಿದಿದೆ ಎಂದು ಹೇಳಿ, ಕಿಟಕಿಯಿಂದ ನನಗೆ ಮಾತ್ರ, "ನಾಲಗಿಗಿ ರುಚಿ ಇಲ್ರಿ, ಯಾರ ಮುಂದೂ ಅನಬ್ಯಾಡ್ರಿ" ಎಂದಳು. ನಾನು ಸುಮ್ಮನಿರುವ ಹೆಂಗಸಲ್ಲ. "ಈಗಲೇ ನಾಶಿಕಕ್ಕೆ ಫೋನ್ ಮಾಡಿ ಹೇಳಿ. ಬಸುರಿ ಹೆಂಗಸು, ನಿಮಗೆ ತಲೆ ಸಮ ಉಂಟಾ?" ಎಂದು ಕೂಗಿದೆ. ಮಾಡಿದಳು. ಮಾವಿನಕಾಯಿ ಉಪ್ಪಿನಕಾಯಿಯ ವಿಚಾರ ಮಾತಾಡಿ ಇಟ್ಟಳು. ಅವಳ ಬಾಯಿಗೆ ಬಿಸಿತುಪ್ಪ ಬಿದ್ದಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಕೊಡಿ, ನಾನೇ ಹೇಳುತ್ತೇನೆ ಎಂದು ನಂಬರು ಕೇಳಿದರೆ ಕೊಡಲಿಲ್ಲ. ಅಷ್ಟರಲ್ಲಿ ಅಲ್ಲಿಂದಲೇ ಫೋನು ಬಂತು. ಭುವನೇಶ್ವರಿಗೆ ಜ್ವರ, ಟೆಸ್ಟು ಪಾಸಿಟಿವ್.

ಅವತ್ತಿನಿಂದ ಸಂಗಮ್ಮನ ಕಾಲು ಒಂದು ಕಡೆ ನಿಲ್ಲಲಿಲ್ಲ. ಟೆರೇಸಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವಳು. ಆ ಚಪ್ಪಲಿಯ ಸಪ್ಪಳ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು. ಯಾರು ಯಾರಿಗೆ ಫೋನು ಮಾಡಿದರೂ ತನ್ನ ಸುದ್ದಿಯೇ ಎಂದು ಕಿವಿ ಕೊಡುವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ಜ್ವರ ಬಿಟ್ಟು ಮೈ ಸರಿಹೋದ ಮೇಲೆ ಒಂದು ಬೆಳಿಗ್ಗೆ ಕೆಳಗಿಳಿದು ಬಂದು ಕೇಳಿದಳು: "ಅಕ್ಕಾರ, ಅದು ಹೊಟ್ಟ್ಯಾಗಿನ ಕೂಸಿಗಿ ಹೋಗ್ತದೇನ್ರಿ?"

ಓಂಕಾರ ಡಾಕ್ಟರನ್ನು ಕೇಳಿಯಾಗಿತ್ತು. ಹೆಚ್ಚಿನ ಕೂಸುಗಳಿಗೆ ತಾಯಿಯಿಂದ ಹೋಗುವುದಿಲ್ಲ, ಅಪರೂಪಕ್ಕೆ ಹೋಗಲೂಬಹುದು, ಹುಟ್ಟಿದ ಮೇಲೆ ಪರೀಕ್ಷೆ ಮಾಡುತ್ತೇವೆ ಎಂದಿದ್ದರು. ಸಂಗಮ್ಮನ ಕಿವಿಗೆ 'ಅಪರೂಪಕ್ಕೆ' ಎಂಬುದೊಂದೇ ಬಿದ್ದಿತ್ತು.

"ಡಾಕ್ಟರು ಹೋಗುದಿಲ್ಲ ಅಂತ ಹೇಳಿದ್ದಾರಲ್ಲ" ಎಂದೆ.

"ನಾ ಕಟ್ಟಿದ ಲಿಂಗ ಕೂಸಿಗಿ ಮುಟ್ತದಂತ ಕಟ್ಟಿ ಬಂದೀನಿ. ಅದು ಮುಟ್ಟೋದು ಖರೇ ಇದ್ರ, ನಾ ಒಯ್ದ ರೋಗ ಹ್ಯಾಂಗ ಮುಟ್ಟಂಗಿಲ್ರಿ?"

ನಾನು ಚಹಾ ಬಗ್ಗಿಸಿ ಅವಳ ಕೈಗಿಟ್ಟೆ. ನಿಂತೇ ಕುಡಿದು ಹೋದಳು.

ಜಿಲ್ಲೆ ದಾಟಲು ಪಾಸು ಬೇಕಿದ್ದ ಕಾಲ. ಇವಳು ಯಾರಿಗೂ ಹೇಳದೆ ತರಕಾರಿ ಟೆಂಪೋ ಹತ್ತಿ ನಾಶಿಕಕ್ಕೆ ಹೊರಟುಬಿಟ್ಟಳು. ಗಂಗಾಪುರದ ಹತ್ತಿರ ಪೊಲೀಸರು ಇಳಿಸಿ ರಸ್ತೆ ಬದಿಗೆ ನಿಲ್ಲಿಸಿದರು. ನಮ್ಮವರು ಸ್ಕೂಟರಿನಲ್ಲಿ ಹೋಗಿ ಕರೆತಂದರು. ಮನ್ಮಥಪ್ಪನವರು ಪಾಪ, ಬೈಯಲೂ ಇಲ್ಲ. ಇನ್ನು ಹೀಗೆ ಬಿಟ್ಟರೆ ಆಗದೆಂದು ನಾನು ಅವಳ ಮುಂದೆ ಈರುಳ್ಳಿಯ ಚೀಲ ಸುರಿದೆ. ಪಾರ್ಸೆಲ್ಲಿಗಷ್ಟೇ ತೆರೆದಿದ್ದ ಹೋಟೆಲಿಗೆ ಎಷ್ಟು ಈರುಳ್ಳಿ ಬೇಕು? ನಿಂತುಕೊಂಡೇ ಚೀಲವೆಲ್ಲ ಹೆಚ್ಚಿ ಹಾಕಿದಳು. ಕಣ್ಣೀರಿಗೆ ಒಂದು ನೆಪವೂ ಸಿಕ್ಕಿತು. ಆ ವಾರ ಯಾರು ಏನು ಕೇಳಿದರೂ ನಮ್ಮಲ್ಲಿ ಈರುಳ್ಳಿ ದೋಸೆಯೇ.

ಭುವನೇಶ್ವರಿಯ ಉಸಿರು ಹದಗೆಟ್ಟಿತು. ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಕೂಸು ತೆಗೆದರು. ಮೈಮೇಲಿನದೆಲ್ಲ ತೆಗೆಯಬೇಕೆಂದಾಗ ಆ ಹುಡುಗಿ ತಾಳಿ, ಬಳೆ ಬಿಚ್ಚಿಕೊಟ್ಟು ಲಿಂಗಕ್ಕೆ ಮಾತ್ರ ಹಟ ಹಿಡಿದಳಂತೆ. ಪುಣ್ಯಾತ್ಗಿತ್ತಿ ನರ್ಸೊಬ್ಬಳು ತಾಯಿಯದು, ಕೂಸಿನದು ಎರಡೂ ಲಿಂಗಗಳನ್ನು ಬ್ಯಾಂಡೇಜಿನಲ್ಲಿ ಸುತ್ತಿ ರಟ್ಟೆಗೆ ಅಂಟಿಸಿದಳು. ಹೆಣ್ಣು ಕೂಸು. ತಾಯಿ ಆಕ್ಸಿಜನ್ ಮೇಲೆ, ಕೂಸು ಬೇರೆ ಕೋಣೆಯಲ್ಲಿ. ಕೂಸಿನ ಮೂಗಿನಿಂದ ತೆಗೆದ ಸ್ಯಾಂಪಲ್ಲಿನ ರಿಪೋರ್ಟು ಬರುವ ತನಕ ಸಂಗಮ್ಮ ನೀರು ಕುಡಿದದ್ದೂ ನಿಂತೇ.

ರಿಪೋರ್ಟು ಬಂತು. ಕೂಸಿಗೆ ಇಲ್ಲ. ಎರಡನೇ ಸಲ ನೋಡಿದರು, ಆಗಲೂ ಇಲ್ಲ. ನಾನು ಸಕ್ಕರೆ ಡಬ್ಬಿ ಹಿಡಿದು ಮೇಲೆ ಓಡಿದೆ. ಅವಳು ಸಕ್ಕರೆಗೆ ಬಾಯಿ ತೆರೆಯಲಿಲ್ಲ. "ಮಿಷನ್ನಿಗಿ ತಿಳೀಲಿಲ್ಲಂದ್ರ?" ಎಂದಳು. ಸಿಟ್ಟು ನೆತ್ತಿಗೇರಿ ಸಕ್ಕರೆಯನ್ನು ನಾನೇ ಬಾಯಿಗೆ ಹಾಕಿಕೊಂಡು ಇಳಿದು ಬಂದೆ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಅತ್ತೆ.

ಭುವನೇಶ್ವರಿ ಚೇತರಿಸಿಕೊಂಡು ಐದನೇ ತಿಂಗಳಿಗೆ ಕೂಸಿನೊಡನೆ ಮನೆಗೆ ಬಂದಳು. ಕೂಸು ಗುಂಡು ಗುಂಡಾಗಿತ್ತು. ಸಂಗಮ್ಮ ಆರತಿ ಎತ್ತಿದಳು, ದೃಷ್ಟಿ ತೆಗೆದಳು, ಎತ್ತಿಕೊಳ್ಳಲು ಮಾತ್ರ ಕೈ ಚಾಚಲಿಲ್ಲ. ಮನೆಯೊಳಗೂ ಮಾಸ್ಕು. ತೊಟ್ಟಿಲಿಗೆ ಒಂದು ಮಾರು ದೂರದಿಂದಲೇ ಲಾಲಿ. ವಯಸ್ಸಾದವಳು, ಭಯ ಎಂದು ಎಲ್ಲರೂ ಅಂದುಕೊಂಡರು. ನನಗೆ ಗೊತ್ತಿತ್ತು, ನಾಲಗೆಯ ತುದಿಗೆ ಬಂದದ್ದನ್ನು ಎಷ್ಟು ಸಲ ಕಚ್ಚಿ ಹಿಡಿದೆನೋ!

ಕೂಸಿಗೆ ಲಿಂಗ ಕಟ್ಟುವ ದಿನ ಅಯ್ಯನವರು ಬಂದರು. ಹುಟ್ಟಿದಾಗ ಕಟ್ಟುವ ಶಾಸ್ತ್ರ ಆಗದ ಕಾರಣ ಅಷ್ಟು ತಿಂಗಳೂ ಆ ಲಿಂಗ ಭುವನೇಶ್ವರಿಯ ಕೊರಳಲ್ಲೇ ಇತ್ತು. "ಕೂಸಿನ ಅಜ್ಜಿ ತೊಡಿ ಮ್ಯಾಲ ಹಾಕ್ಕೊಳ್ರಿ" ಎಂದರು ಅಯ್ಯನವರು.

"ನಾಶಿಕದ ಬೀಗತೇರು ಹಾಕ್ಕೊಳ್ಳಿ. ನಂದು ಹಾಲು ಒಲಿ ಮ್ಯಾಲ ಅದ" ಎಂದು ಸಂಗಮ್ಮ ಅಡುಗೆಮನೆಯಿಂದಲೇ ಕೂಗಿದಳು. ನಾನು ಅಲ್ಲೇ ಪಾಯಸಕ್ಕೆ ಗೋಡಂಬಿ ಹುರಿದಿಟ್ಟು ನಿಂತಿದ್ದೆ. ಭುವನೇಶ್ವರಿ ಕೂಸನ್ನೆತ್ತಿಕೊಂಡು ಒಳಗೆ ಬಂದಳು.

"ಅತ್ತಿ, ಅವತ್ತ ಈ ಲಿಂಗ ಕಟ್ಟುವಾಗ ನಿಮ್ಮ ಕೈ ನನ್ನ ಕುತಗಿಗಿ ಹತ್ತಿತ್ತು. ಸುಡ್ತಿತ್ತು."

ಸಂಗಮ್ಮ ಸೌಟು ಕೆಳಗಿಟ್ಟು ತಿರುಗಿದಳು.

"ನಿನಗ ಗೊತ್ತಿತ್ತು?"

"ಗೊತ್ತಾಯ್ತು. ಅಷ್ಟು ಮಂದಿ ಮುಂದ ಹ್ಯಾಂಗ ಅನ್ಲಿ? ಕುತಗಿ ಬಗ್ಗಿಸಿ ಕುಂತೆ."

"ತಪ್ಪಾಗ್ಯದವ್ವ. ನಿನಗ ಏನರ ಆಗಿದ್ರ..." ಎಂದಳು ಸಂಗಮ್ಮ.

"ಆಕ್ಸಿಜನ್ ಹಚ್ಚಿದಾಗ ಮನಸಿನ್ಯಾಗ ನಿಮಗ ಭಾಳ ಬೈದೀನಿ. ಸಿಟ್ಟು ಇನ್ನೂ ಅದ, ಸುಳ್ಳ್ಯಾಕ ಹೇಳ್ಲಿ? ಜಲ್ದಿ ಹೋಗಂಗಿಲ್ಲ ಅದು. ಆದ್ರ ನೀವು ಹಿಂಗ ದೂರ ನಿಂತ್ರ ಇಕಿಗಿ ಅಜ್ಜಿನ್ನ ಎಲ್ಲಿಂದ ತರ್ಲಿ? ಬರ್ರಿ, ಕೂಡ್ರಿ."

ಅತ್ತೆಯ ಮಾಸ್ಕನ್ನು ಸೊಸೆಯೇ ಬಿಚ್ಚಿದಳು. ಹೊರಗೆ ಕರೆತಂದು ಮಣೆಯ ಮೇಲೆ ಕೂರಿಸಿ ಕೂಸನ್ನು ಅವಳ ತೊಡೆಗೆ ಹಾಕಿದಳು. ತನ್ನ ಕೊರಳಿನ ಎರಡರಲ್ಲಿ ಒಂದನ್ನು ಬಿಚ್ಚಿ ಅಯ್ಯನವರಿಗೆ ಕೊಟ್ಟಳು. ಅವರು ಮಂತ್ರ ಹೇಳಿ ದಾರವನ್ನು ಸಂಗಮ್ಮನ ಕೈಗೇ ಇಟ್ಟರು. ಅವಳು ಕೂಸಿನ ಕೊರಳಿಗೆ ಗಂಟು ಹಾಕತೊಡಗಿದಳು. ಅಷ್ಟರಲ್ಲಿ ಕೂಸು ಅಜ್ಜಿಯ ಮುಖಕ್ಕೇ ಒಂದು ಸೀನು ಸೀನಿತು. ಸಂಗಮ್ಮ ಗಾಬರಿಯಾಗಿ ಏಳಹೋದಳು. ಭುವನೇಶ್ವರಿ ಹೆಗಲ ಮೇಲೆ ಕೈಯಿಟ್ಟು ಒತ್ತಿದಳು.

ಸಂಗಮ್ಮ ಕೂತಳು. ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿದು ಚುರ್ರೆಂದಿತು. ಅವಳು ಏಳಲಿಲ್ಲ, ನಾನೇ ಹೋಗಿ ಗ್ಯಾಸು ಆರಿಸಿದೆ.