ಬಸ್ಸಿನಲ್ಲಿ ತೋರಿಸಿದ ವಿಡಿಯೊ

ಪಾವಗಡದಲ್ಲಿ ನನ್ನ ತಂಗಿಯ ತಿಥಿ ಮುಗಿಸಿ ಬಸ್ಸು ಹತ್ತಿದೆವು. ಪಕ್ಕದಲ್ಲಿ ಅವಳ ಮಗಳು.

"ದೊಡ್ಡಮ್ಮ, ಅಮ್ಮ ನಿಂಗೊಂದು ವಿಡಿಯೊ ಕಳ್ಸಿದ್ಳಂತಲ್ಲ, ತೋರ್ಸು."

ಆ ವಿಡಿಯೊ ಬಂದಾಗ ನಾನು ಕೊರಟಗೆರೆ ಸಂತೆಯಲ್ಲಿದ್ದೆ. ಬಿಸಿಲಿಗೆ ಫೋನನ್ನು ಸೆರಗಿನಲ್ಲಿ ಮರೆಮಾಡಿ ನೋಡಿದ್ದೆ. ಅಂಗೈಯಗಲದ ಸ್ಕ್ರೀನಿನಲ್ಲಿ ತಂಗಿ ನಗುತ್ತಿದ್ದಳು. ಪಿಕ್ಚರ್, ವಾಯ್ಸ್ ಎಲ್ಲಾ ಪರ್ಫೆಕ್ಟ್ ಅನ್ನಿಸಿತ್ತು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಮತ್ತೆ ನೋಡಿದೆ. ಅದೇ ವಿಡಿಯೊ, ಅದೇ ಫೋನ್. ಆದರೆ ಆ ಸೈಲೆನ್ಸಿನಲ್ಲಿ ಒಂದೊಂದು ಮಾತಿನ ನಡುವೆಯೂ ಅವಳ ಉಸಿರು ಕಿತ್ತುಕೊಂಡು ಬರುವುದು ಕೇಳಿಸಿತು. ಸಂತೆಯ ಗದ್ದಲ ಅದನ್ನು ನುಂಗಿಬಿಟ್ಟಿತ್ತು.

ಅಮ್ಮ ನರಳಲಿಲ್ಲ, ನಿದ್ದೆಯಲ್ಲೇ ಹೋದಳು ಎಂದು ಈ ಹುಡುಗಿಗೆ ಯಾರೋ ಹೇಳಿದ್ದರು. ಆ ಒಂದು ಮಾತಿನ ಮೇಲೆಯೇ ಅವಳು ಇಷ್ಟು ದಿನ ಊಟ ಮಾಡಿದ್ದು, ಎದ್ದು ಓಡಾಡಿದ್ದು. ತೋರಿಸುವುದಾದರೆ ಇಲ್ಲೇ ತೋರಿಸಬೇಕು ಅನ್ನಿಸಿತು. ಡ್ರೈವರ್ ಸಿನಿಮಾ ಹಾಡು ಜೋರಾಗಿ ಹಾಕಿದ್ದ, ಕಿಟಕಿಗಳು ದಡದಡ ಅನ್ನುತ್ತಿದ್ದವು. ವಿಡಿಯೊ ಹಾಕಿ ಫೋನನ್ನು ಅವಳ ಕೈಗಿಟ್ಟೆ; ಸ್ಕ್ರೀನಿನಲ್ಲಿ ತಂಗಿ ಶುರು ಮಾಡಿದಳು.

"ಏನೇ ಅಕ್ಕಾ, ಕಾನ್ವೆಂಟ್ ಮೇಡಮ್ಮು! ನಮ್ಮೂರಿಗೆ ಬರಕ್ಕೆ ವೀಸಾ ಬೇಕೇನೇ? ನೇನು ಬಾಗುನ್ನಾನು ಕಣೇ, ಬಂದ್ಬುಡು!" ಪಾವಗಡಕ್ಕೆ ಸೊಸೆಯಾಗಿ ಹೋದ ಮೇಲೆ ಚೆನ್ನಾಗಿದ್ದೀನಿ ಅನ್ನುವುದನ್ನೂ ಅವಳು ತೆಲುಗಿನಲ್ಲೇ ಹೇಳುತ್ತಿದ್ದಳು.

ಮಗಳು ನಕ್ಕಳು, ಕಣ್ಣೊರೆಸಿಕೊಂಡಳು. "ಎಷ್ಟು ಗೆಲುವಾಗವ್ಳೆ ನೋಡು ದೊಡ್ಡಮ್ಮ! ನಂಗೂ ಕಳ್ಸು. ಮನೇಲಿ ದೊಡ್ಡ ಟಿವಿಗೆ ಹಾಕ್ಕೊಂಡು ಒಬ್ಳೇ ನೋಡ್ತೀನಿ."

ಅವಳು ಮಧುಗಿರಿಯಲ್ಲಿ ಇಳಿದಳು. ನಾನು ಸೌಂಡ್ ಮ್ಯೂಟ್ ಮಾಡಿ ಕಳಿಸಿದೆ. ಮನೆ ಸೇರಿ ಕಾಲು ತೊಳೆಯುವಷ್ಟರಲ್ಲಿ ಫೋನ್.

"ದೊಡ್ಡಮ್ಮ, ಸೌಂಡೇ ಬರ್ತಿಲ್ಲ."

"ಮುಖ ನೋಡ್ಕೊ ಮಗಳೇ, ಸಾಕು."

"ಟಿವೀಲಿ ಮುಖಾನೂ ಒಡ್ದೋಗಿ ಮಬ್ಬುಮಬ್ಬು ಕಾಣ್ತದೆ. ಅದು ಅಮ್ಮ ಅನ್ನಿಸ್ತಾನೇ ಇಲ್ಲ. ಮಾತಾದ್ರೂ ಬೇಕು, ಕಳ್ಸು."

ಇಲ್ಲ ಅನ್ನಲು ನಾನ್ಯಾರು? ಅವಳಮ್ಮನ ದನಿ ಅದು. ಇಡಿಯಾಗಿ ಕಳಿಸಿದೆ. ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಕಾಫಿ ಮಾಡಿಕೊಳ್ಳಲೂ ಏಳಲಿಲ್ಲ. ಬಹಳ ಹೊತ್ತಿಗೆ ಮತ್ತೆ ರಿಂಗಾಯಿತು.

"ನಿಂಗೆ ಗೊತ್ತಿತ್ತಾ ದೊಡ್ಡಮ್ಮ?"

"ಹೂಂ ಕಣಮ್ಮ."

"ಬಸ್ಸಲ್ಲಿ ಕೇಳಿಸ್ಲೇ ಇಲ್ವಲ್ಲ."

"ಅದಕ್ಕೇ ಬಸ್ಸಲ್ಲಿ ತೋರಿಸ್ದೆ."

ಅವಳು ಬೈಯಲಿಲ್ಲ. "ಹಂಗಾದ್ರೆ ಅಮ್ಮಂಗೆ ತುಂಬಾ ಕಷ್ಟ ಆಗಿತ್ತು," ಅಂದಳು. ಪ್ರಶ್ನೆಯಲ್ಲ. ಆದರೂ ನಾನು ಹೌದು ಅಂದೆ.