ಸುವರ್ಣಮ್ಮನವರ ಹೆಸರಿನ ಮುಂದಿನ ಗುರುತು

ಅರಸೀಕೆರೆಯ ಕೊಬ್ಬರಿ ವರ್ತಕ ಷಡಕ್ಷರಪ್ಪನವರು ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುನ್ನವೇ ಮತದಾರರ ಪಟ್ಟಿ ಬಿಡಿಸಿ ಕೂರುತ್ತಾರೆ. ಚುನಾವಣೆ ಇರಲಿ ಬಿಡಲಿ, ಈ ಪಾರಾಯಣ ಒಂದು ದಿನವೂ ತಪ್ಪಿದ್ದಿಲ್ಲ. ಯಾರ ಹೆಸರು ಕಿವಿಗೆ ಬಿದ್ದರೂ ಅವರ ಮೊದಲ ಪ್ರಶ್ನೆ, "ನಮ್ಮೋರಾ?" ಹಲ್ಲು ಕೀಳುತ್ತಿದ್ದ ಡಾಕ್ಟರನ್ನೂ ಬಾಯಿ ತೆರೆದುಕೊಂಡೇ ಹಾಗೆ ಕೇಳಿದವರು. ನಮ್ಮವರಾದರೆ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಸರಿ ಗುರುತು, ಅಲ್ಲದಿದ್ದರೆ ಅಡ್ಡಗೀಟು. "ಮಠದ ಬೀದಿ ಓಟು ನನ್ನ ಅಂಗೈ ಗೆರೆ ಇದ್ದಂಗೆ ಕಣ್ರೀ" ಎನ್ನುತ್ತಾರೆ. ಪಕ್ಷದವರೂ ಅದನ್ನು ನಂಬಿ, ಟಿಕೆಟ್ಟು ಯಾರಿಗೆಂದು ಅವರ ಜಗಲಿಯಲ್ಲೇ ಕಾಫಿ ಕುಡಿದು ತೀರ್ಮಾನಿಸುತ್ತಾರೆ. ಹೋದ ನಗರಸಭೆ ಚುನಾವಣೆಗೆ ಅವರದೇ ಮಂಡಿಯಲ್ಲಿ ಕೊಬ್ಬರಿ ಒಡೆಯುವ, ಆಚೆ ಕೇರಿಯ ದ್ಯಾವಮ್ಮ ನಿಂತಳು. "ನಮ್ಮ ಬೀದೀಲಿ ಅವಳಿಗೆ ಒಂದು ಓಟೂ ಬೀಳಲ್ಲ" ಎಂದು ಷಡಕ್ಷರಪ್ಪನವರು ಊರಿಗೆಲ್ಲ ಸಾರಿದರು. ಎಣಿಸಿದಾಗ ಆ ಬೀದಿಯ ಮತಗಟ್ಟೆಯಲ್ಲಿ ಅವಳಿಗೆ ಒಂದೇ ಒಂದು ಓಟು ಬಿದ್ದಿತ್ತು. ಮನೆಗೆ ಬಂದರೆ ಹೆಂಡತಿ ಸುವರ್ಣಮ್ಮ ಎಂದಿನಂತೆ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಹಿಂದಿನ ವರ್ಷ ಆಪರೇಷನ್ ಆಗಿ ಮಲಗಿದ್ದ ಮೂರು ತಿಂಗಳೂ ಅವರ ತಲೆ ಬಾಚಿದ್ದು ದ್ಯಾವಮ್ಮನ ಕೈ. ಷಡಕ್ಷರಪ್ಪನವರು ಪಟ್ಟಿ ಬಿಡಿಸಿದರು. ಹೆಂಡತಿಯ ಹೆಸರಿನ ಮುಂದಿದ್ದ ಸರಿ ಗುರುತನ್ನು ಅಳಿಸಿ, ಪ್ರಶ್ನೆಯ ಗುರುತು ಹಾಕಿದರು. ಈ ಸಲವೂ ದ್ಯಾವಮ್ಮ ನಿಂತಿದ್ದಾಳೆ. ಮೊನ್ನೆ ಪಕ್ಷದ ಚನ್ನೇಶ್ ಪಟ್ಟಿ ನೋಡಿ ನಕ್ಕ: "ಏನಣ್ಣೋರೇ, ಊರೆಲ್ಲ ಗೊತ್ತು, ಮನೇದೇ ಗೊತ್ತಿಲ್ವಾ? ತಡೀರಿ, ನಾನೇ ಅಕ್ಕೋರಿಗೆ ಒಂದು ಮಾತು ಹೇಳಿ ಸರಿ ಮಾಡಿಸ್ಕೊಡ್ತೀನಿ." ಷಡಕ್ಷರಪ್ಪನವರು ಮೆಲ್ಲಗೆ ಪಟ್ಟಿ ಮಡಿಸಿದರು. "ಬ್ಯಾಡ ಕಣಪ್ಪ. ಅದೊಂದು ಹಂಗೇ ಇರ್ಲಿ."